ಪ್ರೀತಿ ವಿಶ್ವಾಸದಿಂದ

ಅಪ್ಪ ಹೋದಮೇಲೆ ದೊಡ್ಡಬಳ್ಳಾಪುರದ ಮನೆ ಮಾರೋಣ ಅಂತ ಹೇಳಿದ್ದು ಅಮ್ಮನೇ. ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗಲ್ಲ, ನಿನ್ನ ಜೊತೆ ಬೆಂಗಳೂರಲ್ಲೇ ಇರ್ತೀನಿ ಅಂದಳು. ಕೊಳ್ಳುವವರೂ ಸಿಕ್ಕರು. ಅವರಿಗೆ ಸಾಲ ಕೊಡಲಿದ್ದ ಬ್ಯಾಂಕಿನವರು ಮೂವತ್ತು ವರ್ಷದ ಇಸಿ ಬೇಕು ಅಂದರು. ಈಚಿನ ವರ್ಷಗಳದ್ದು ಆನ್‌ಲೈನ್‌ನಲ್ಲೇ ಬಂತು. ಹಳೆಯದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಹುಡುಕಿಸಿದೆ. ಸಿಕ್ಕಿದ್ದು ಒಂದೇ ಒಂದು ಸಾಲು: ದಾನಪತ್ರ, 1998ರ ಜೂನ್. ಕೊಟ್ಟವರು ಅಪ್ಪ, ಪಡೆದವರು ಅಮ್ಮ.

ಮನೆ ಅಮ್ಮನ ಹೆಸರಲ್ಲಿದೆ ಅನ್ನೋದು ನನಗೆ ಮೊದಲಿಂದ ಗೊತ್ತು. "ನಮ್ಮಪ್ಪ ಆ ಕಾಲಕ್ಕೇ ಮನೇನ ಹೆಂಡತಿ ಹೆಸರಿಗೆ ಬರೆದಿದ್ದರು" ಅಂತ ಆಫೀಸಿನಲ್ಲಿ ಒಂದೆರಡು ಸಲ ಜಂಬ ಕೊಚ್ಚಿಕೊಂಡಿದ್ದೂ ಉಂಟು. ಗೊತ್ತಿಲ್ಲದೇ ಇದ್ದದ್ದು ತಾರೀಖು. ಆ ವರ್ಷದ ದಸರಾ ಹೊತ್ತಿಗೆ ನಮ್ಮ ಆರು ಮಗ್ಗಗಳೂ ನಿಂತಿದ್ದವು. ನಾನಾಗ ಎಂಟನೇ ಕ್ಲಾಸು. ಆಯುಧಪೂಜೆಗೆ ಪ್ರತಿವರ್ಷ ಶೆಡ್ಡಿನ ಬಾಗಿಲಿಗೆ ಕಟ್ಟುತ್ತಿದ್ದ ಬಾಳೆಕಂದನ್ನು ಆ ವರ್ಷ ಯಾರೂ ಕಟ್ಟಲಿಲ್ಲ ಅನ್ನೋದು ನೆನಪಿದೆ. ಜೂನ್‌ಗೂ ದಸರಾಕ್ಕೂ ಮಧ್ಯೆ ಹೆಚ್ಚೆಂದರೆ ನಾಲ್ಕು ತಿಂಗಳು.

ಪತ್ರದ ದೃಢೀಕೃತ ನಕಲು ತೆಗೆಸಿದೆ. ಎಲ್ಲ ದಾನಪತ್ರಗಳಲ್ಲೂ ಇರುವ ಒಕ್ಕಣೆಯೇ: ಪ್ರೀತಿ ವಿಶ್ವಾಸದಿಂದ, ಯಾವ ಪ್ರತಿಫಲವನ್ನೂ ಪಡೆಯದೆ, ಷೆಡ್ಯೂಲು ಸ್ವತ್ತನ್ನು ನಿಮಗೆ ದಾನವಾಗಿ ಕೊಟ್ಟಿರುತ್ತೇನೆ. ಕೊನೆಯಲ್ಲಿ ಇಬ್ಬರು ಸಾಕ್ಷಿಗಳ ಸಹಿ. ಸ್ಥಿರಾಸ್ತಿಯ ದಾನ ನೋಂದಣಿಯಾಗಬೇಕು, ಕನಿಷ್ಠ ಇಬ್ಬರ ಸಾಕ್ಷಿ ಇರಬೇಕು ಅನ್ನೋದು ಕಾನೂನು. ಒಬ್ಬರು ನನ್ನ ಸೋದರಮಾವ. ಇನ್ನೊಂದು ಸಹಿ ವಕ್ರವಕ್ರ ಅಕ್ಷರದಲ್ಲಿತ್ತು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅದು ಮೇಸ್ತ್ರಿ ಮಾಮನದು.

ನಮ್ಮ ಶೆಡ್ಡಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು ಅವರು. ನಾವು ಮಕ್ಕಳೆಲ್ಲ ಮೇಸ್ತ್ರಿ ಮಾಮ ಅಂತಲೇ ಕರೆಯುತ್ತಿದ್ದದ್ದು. ನನಗೆ ಸೈಕಲ್ ಕಲಿಸಿದ್ದೂ ಅವರೇ.

ಅಮ್ಮನಿಗೆ ನಕಲು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು, ಪಕ್ಕಕ್ಕಿಟ್ಟಳು.

"ಅವರ ದುಡ್ಡೂ ನಿಮ್ಮಪ್ಪನ ಹತ್ರ ಇತ್ತು" ಅಂದಳು.

"ಎಷ್ಟು?"

"ನಲವತ್ತು ಸಾವಿರ. ಮಗಳ ಮದುವೆಗೆ ಅಂತ ಕೂಡಿಟ್ಟಿದ್ದು. ಹಿಂದಿನ ವರ್ಷ ಕೊಟ್ಟಿದ್ರು. ಪ್ರೋನೋಟು ಬರ್ಕೊಟ್ಟಿದ್ರು ನಿಮ್ಮಪ್ಪ."

ಸಾಮಾನ್ಯವಾಗಿ ಮಾಲೀಕರು ಮಗ್ಗದ ಕೆಲಸದವರಿಗೆ ಅಡ್ವಾನ್ಸ್ ಕೊಟ್ಟು ಹಿಡಿದಿಟ್ಟುಕೊಳ್ಳುತ್ತಾರೆ. ಇಲ್ಲಿ ಉಲ್ಟಾ. ನೂಲು ಉದ್ರಿ, ಬಣ್ಣದವರಿಗೆ ಕೊಡೋದು ಬಾಕಿ, ಸೀರೆ ತಗೊಂಡು ಹೋದ ವ್ಯಾಪಾರಿಗಳಿಂದ ದುಡ್ಡು ಬಂದಿಲ್ಲ. ಅಂಥ ಹೊತ್ತಲ್ಲಿ ಕೆಲಸದವರೇ ಮಾಲೀಕನ ಕೈ ಹಿಡಿದಿದ್ದರು. ಮುಂದಿನ ವರ್ಷ ಅದೇ ಮನುಷ್ಯನನ್ನು ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, ಅವರ ಸಾಲಕ್ಕೆ ಆಧಾರವಾಗಬಹುದಾಗಿದ್ದ ಏಕೈಕ ಗಟ್ಟಿ ಆಸ್ತಿಯನ್ನು ಅವರ ಕಣ್ಣೆದುರಿಗೇ ಕೈದಾಟಿಸಿ, ಅದಕ್ಕೆ ಅವರಿಂದಲೇ ಸಾಕ್ಷಿ ಹಾಕಿಸಿದ್ದರು.

"ಅವರಿಗೆ ಗೊತ್ತಿತ್ತಾ, ಯಾವ ಪತ್ರ ಅಂತ?"

"ಯಜಮಾನರು ಸೈನ್ ಹಾಕಿ ಅಂದ್ರೆ ಹಾಕೋರು. ಅಷ್ಟೇ."

ಲಾಯರ್ ಆಗಿರುವ ಗೆಳತಿಯೊಬ್ಬಳಿದ್ದಾಳೆ. ಯಾರದೋ ಕಥೆ ಅನ್ನೋ ಥರ ಅವಳಿಗೆ ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅಂದಳು. ಸಾಲ ಕೊಟ್ಟವರನ್ನು ವಂಚಿಸುವ ಅಥವಾ ಸತಾಯಿಸುವ ಉದ್ದೇಶದಿಂದ ಸ್ಥಿರಾಸ್ತಿಯನ್ನು ಬೇರೆಯವರಿಗೆ ಬರೆದುಕೊಟ್ಟರೆ, ಹಾಗೆ ವಂಚಿತನಾದ ಯಾರು ಬೇಕಾದರೂ ಅದನ್ನು ರದ್ದು ಮಾಡಿಸಬಹುದು. ಸದ್ಭಾವನೆಯಿಂದ ಬೆಲೆ ಕೊಟ್ಟು ಕೊಂಡವನಿಗೆ ಮಾತ್ರ ರಕ್ಷಣೆ. ದಾನ ಪಡೆದವರು ಬೆಲೆ ಕೊಟ್ಟಿರುವುದಿಲ್ಲವಲ್ಲ, ಹಾಗಾಗಿ ಅವರಿಗೆ ಏನೂ ಗೊತ್ತಿರಲಿಲ್ಲ ಅನ್ನೋದು ಆಸ್ತಿಯನ್ನು ಉಳಿಸುವುದಿಲ್ಲ.

ಉದ್ದೇಶ ಅನ್ನೋದು ತಲೆಯೊಳಗಿರುವ ವಿಷಯ. ಅದನ್ನ ಹೇಗೆ ಸಾಬೀತು ಮಾಡ್ತಾರೆ ಅಂತ ಕೇಳಿದೆ. ಅವಳು ಒಂದು ಕುರಿಯ ಕಥೆ ಹೇಳಿದಳು. ನಮ್ಮ ಈ ಕಲಂನ ಬೇರು ಇಂಗ್ಲೆಂಡಿನ 1571ರ ಒಂದು ಶಾಸನದಲ್ಲಿದೆಯಂತೆ. ಅದರ ಮೇಲೆ 1601ರಲ್ಲಿ ತೀರ್ಮಾನವಾದ ಟ್ವೈನ್ ಅನ್ನುವವನ ಕೇಸು ಕಾನೂನು ಓದುವ ಎಲ್ಲರಿಗೂ ಗೊತ್ತು. ಸಾಲದಲ್ಲಿದ್ದ ಒಬ್ಬ ರೈತ ತನ್ನ ಸರ್ವಸ್ವವನ್ನೂ ಗುಟ್ಟಾಗಿ ಟ್ವೈನ್‌ಗೆ ಬರೆದುಕೊಟ್ಟ. ಆದರೆ ಆಮೇಲೂ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದವನು ಅವನೇ, ಅವುಗಳ ಮೈಮೇಲೆ ಹಾಕುತ್ತಿದ್ದ ಗುರುತೂ ಅವನದೇ. ಕೋರ್ಟು ಅವನ ತಲೆಯೊಳಗೆ ಇಣುಕಬೇಕಾಗಿ ಬರಲಿಲ್ಲ, ಕುರಿಗಳನ್ನು ನೋಡಿದರೆ ಸಾಕಾಯಿತು. ಸರ್ವಸ್ವವನ್ನೂ ಕೊಟ್ಟಿದ್ದು, ಗುಟ್ಟಾಗಿ ಕೊಟ್ಟಿದ್ದು, ಕೊಟ್ಟಮೇಲೂ ತಾನೇ ಅನುಭವಿಸಿದ್ದು, ಸಾಲ ಕೊಟ್ಟವನು ಕೋರ್ಟಿಗೆ ಹೋಗಿರುವ ಹೊತ್ತಲ್ಲೇ ಕೊಟ್ಟಿದ್ದು. ಇವೆಲ್ಲ ಮೋಸದ ಗುರುತುಗಳು.

ನಮ್ಮ ಮನೆಯ ಗೇಟಿನ ಕಂಬದ ಗ್ರಾನೈಟ್ ಕಲ್ಲಿನಲ್ಲಿ ಇವತ್ತಿಗೂ ಇರುವುದು ಅಪ್ಪನ ಹೆಸರು.

ಹಾಗಾದರೆ ಯಾರೂ ಯಾಕೆ ಕೋರ್ಟಿಗೆ ಹೋಗಲಿಲ್ಲ? ನೂಲಿನ ವ್ಯಾಪಾರಿ ದೊಡ್ಡ ಕುಳ. ಅವರಿಗೆ ಸುದ್ದಿ ಬೇಗ ಮುಟ್ಟಿತು. ಬಂದವರೇ ಮಗ್ಗಗಳನ್ನು ಬಾಕಿಗೆ ವಜಾ ಹಾಕಿಸಿಕೊಂಡು ಲಾರಿಯಲ್ಲಿ ತುಂಬಿಸಿಕೊಂಡು ಹೋದರು. ಒಬ್ಬ ಸಾಲಿಗನಿಗೆ ಪೂರ್ತಿ ಕೊಟ್ಟು ಇನ್ನೊಬ್ಬನಿಗೆ ಏನೂ ಕೊಡದೇ ಇದ್ದರೆ, ಅಷ್ಟಕ್ಕೇ ಅದು 53ನೇ ಕಲಂ ಪ್ರಕಾರ ವಂಚನೆಯಾಗುವುದಿಲ್ಲ ಅಂತ ಪ್ರಿವಿ ಕೌನ್ಸಿಲ್ 1915ರಲ್ಲೇ ಹೇಳಿಬಿಟ್ಟಿದೆ. ಅಂದರೆ ಮೊದಲು ಬಂದವನಿಗೆ ಮಗ್ಗ, ಹೆಂಡತಿಗೆ ಮನೆ, ಮೇಸ್ತ್ರಿ ಮಾಮನಿಗೆ ಪ್ರೋನೋಟು. ಪ್ರೋನೋಟಿನ ಆಯಸ್ಸು ಮೂರು ವರ್ಷ. 53ರ ಕೆಳಗೆ ದಾವೆ ಹೂಡುವವನು ತನ್ನೊಬ್ಬನ ಪರವಾಗಿ ಹೂಡುವಂತಿಲ್ಲ, ಎಲ್ಲ ಸಾಲಿಗರ ಪರವಾಗಿ ಹೂಡಬೇಕು. ಕೆಲಸ ಕಳೆದುಕೊಂಡ ಮಗ್ಗದ ಮೇಸ್ತ್ರಿಯೊಬ್ಬ ವಕೀಲರ ಫೀಸು ಕಟ್ಟಿ, ತಾನೇ ಸಾಕ್ಷಿ ಹಾಕಿದ ಪತ್ರವನ್ನು ಮೋಸ ಅಂತ ಕರೆದು, ಊರಿನ ಬಾಕಿದಾರರ ಪರವಾಗಿ ಯಜಮಾನರ ಮೇಲೆ ಕೇಸು ಹಾಕಬೇಕಿತ್ತು! ಸಾಕ್ಷಿ ಹಾಕಿದ ಮಾತ್ರಕ್ಕೆ ಒಕ್ಕಣೆ ಗೊತ್ತಿತ್ತು ಅಂತ ಕಾನೂನು ಭಾವಿಸುವುದಿಲ್ಲ, ಅದು ಬೇರೆ ಮಾತು. ಅವರಿಗೆ ಅದನ್ನು ಹೇಳುವವರು ಯಾರಿದ್ದರು?

ಇಷ್ಟು ತಿಳಿದಮೇಲೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ನಿಲ್ಲಲಿಲ್ಲ, ಯಾಕಂದರೆ ಆ ಪತ್ರದ ಒಕ್ಕಣೆ ಸುಳ್ಳಾಗಿರಲಿಲ್ಲ. ಒಮ್ಮೆ ನೋಂದಣಿಯಾದ ದಾನವನ್ನು ಕೊಟ್ಟವನು ಮನಸ್ಸು ಬದಲಾಯಿತು ಅಂತ ವಾಪಸು ತೆಗೆದುಕೊಳ್ಳುವಂತಿಲ್ಲ. ನಾಳೆ ಅಮ್ಮ ಹೊರಗೆ ಹೋಗಿ ಅಂದಿದ್ದರೆ ಅಪ್ಪನಿಗೆ ನಿಲ್ಲಲು ನೆಲೆ ಇರುತ್ತಿರಲಿಲ್ಲ. ಅಷ್ಟನ್ನೂ ತಿಳಿದೇ ಬರೆದುಕೊಟ್ಟರು. ಅದು ಪ್ರೀತಿಯೂ ಹೌದು, ವಿಶ್ವಾಸವೂ ಹೌದು. ಒಂದೇ ಸಹಿಯಲ್ಲಿ ಅದರ ಜೊತೆಗೇ ಇನ್ನೊಂದು ಉದ್ದೇಶವೂ ಇತ್ತು. ಎರಡೂ ಇದ್ದಾಗ ಅದಕ್ಕೆ ಏನೆನ್ನಬೇಕು? ನಮ್ಮಲ್ಲಿ ಒಂದು ಗಾದೆಯಿದೆ, ಅತ್ತೆ ಒಡವೆನ ಅಳಿಯ ದಾನ ಮಾಡಿದ ಅಂತ. ಕೇಳಿ ನಗುತ್ತೇವೆ. ಆದರೆ ಅಪ್ಪ ದಾನ ಮಾಡಿದ್ದು ಅವರೇ ದುಡಿದು ಕಟ್ಟಿದ ಮನೆ. ಸಾಲ ಅದರ ಬೆಲೆಯನ್ನು ಒಳಗೊಳಗೇ ತಿಂದುಹಾಕಿತ್ತು, ಅಷ್ಟೇ. ಗೋಡೆ ನೋಡಿದವರಿಗೆ ಅದು ಕಾಣುತ್ತಿರಲಿಲ್ಲ. ಅಪ್ಪನಿಗೂ ಪೂರ್ತಿ ಕಂಡಿತ್ತೋ ಇಲ್ಲವೋ. ದಸರಾಕ್ಕೆ ವ್ಯಾಪಾರ ಕುದುರುತ್ತೆ ಅಂತ ಜೂನ್‌ನಲ್ಲಿ ನಂಬಿಕೊಂಡಿದ್ದರೇನೋ. ಹಾಗೆ ನಂಬಿದ್ದವರು ದಾನಪತ್ರ ಯಾಕೆ ಮಾಡಿಸುತ್ತಾರೆ ಅನ್ನೋದು ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಮ್ಮನ ವಾದ ಬೇರೆ. "ಏನ್ ಮಾಡ್ಬೇಕಿತ್ತು ನಿಮ್ಮಪ್ಪ? ಹರಿಶ್ಚಂದ್ರನ ಥರ ನನ್ನನ್ನೂ ನಿನ್ನನ್ನೂ ಸಂತೇಲಿ ನಿಲ್ಲಿಸಿ ಮಾರ್ಬೇಕಿತ್ತಾ?"

ತಮಾಷೆಗೆ ಹೇಳಿದ ಮಾತಲ್ಲ. ಸಾಲ ತೀರಿಸೋಕೆ ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿದ ರಾಜನ ಕಥೆಯನ್ನು ನಾಟಕದಲ್ಲಿ, ಹರಿಕಥೆಯಲ್ಲಿ, ಸಿನಿಮಾದಲ್ಲಿ ನೋಡಿ ತಲೆತಲಾಂತರದಿಂದ ಅಳುತ್ತಾ ಬಂದಿದ್ದೇವೆ. ಚಂದ್ರಮತಿಯನ್ನು ಯಾರಾದರೂ ಕೇಳಿದರಾ ಅಂತ ಅಮ್ಮನ ಪ್ರಶ್ನೆ. ಮಾಡಿದ ಸಾಲ ಗಂಡನದು, ಹರಾಜಾಗಿದ್ದು ಅವಳು. ಅಪ್ಪ ಅದನ್ನು ತಿರುಗಿಸಿ ಮಾಡಿದರು: ಸಾಲ ಬೀದಿಯಲ್ಲಿ ನಿಂತಿತು, ಹೆಂಡತಿ ಮಗ ಮನೆಯೊಳಗೆ ಉಳಿದರು. ಯಾವುದು ಸರಿ? ಇಲ್ಲಿ ನನಗೆ ಕಾನೂನು ಸ್ವಲ್ಪ ಸಹಾಯ ಮಾಡಿತು. ಸಾಲಗಾರನ ಸಂಸಾರಕ್ಕೆ ಏನು ಉಳಿಯಬೇಕು ಅಂತ ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಕಲಂ ಪಟ್ಟಿ ಮಾಡಿದೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಅಂದರೆ ನಮ್ಮಲ್ಲಿ ತಾಳಿ. ಕುಶಲಕರ್ಮಿಯ ಉಪಕರಣ. ರೈತ, ಕೂಲಿಕಾರ ಅಥವಾ ಮನೆಗೆಲಸದವರು ವಾಸವಿರುವ ಸ್ವಂತ ಮನೆ. ಇವನ್ನು ಯಾರೂ ಜಪ್ತಿ ಮಾಡುವಂತಿಲ್ಲ. ಮೇಸ್ತ್ರಿ ಮಾಮನಿಗೆ ಸ್ವಂತ ಮನೆಯಿದ್ದಿದ್ದರೆ ಅದು ಈ ಪಟ್ಟಿಯೊಳಗೆ ಬರುತ್ತಿತ್ತೇನೋ, ಆರು ಮಗ್ಗದ ಮಾಲೀಕನ ಮನೆ ಬರುವುದಿಲ್ಲ. ಗೆರೆ ಎಲ್ಲಿ ಅನ್ನೋದರ ಬಗ್ಗೆ ಜಗಳವಾಡಬಹುದು. ಆದರೆ ಸಂಸಾರವನ್ನು ಬೀದಿಗೆ ತಳ್ಳು ಅಂತ ಹೇಳುವವರು ಯಾರೂ ಇಲ್ಲ. ಆ ಗೆರೆಯನ್ನು ಸಾಲಗಾರನೊಬ್ಬನೇ, ಗುಟ್ಟಾಗಿ, ತನ್ನ ಅನುಕೂಲಕ್ಕೆ ತಕ್ಕ ಹಾಗೆ ಎಳೆಯಬಾರದು ಅಂತಷ್ಟೇ ಇರುವುದು. ಅಪ್ಪ ತಪ್ಪಿದ್ದು ಅಲ್ಲಿ ಅಂತ ನನಗನ್ನಿಸುತ್ತೆ. ಮನೆ ಉಳಿಸಿಕೊಂಡಿದ್ದಕ್ಕಿಂತ ಹೆಚ್ಚಾಗಿ, ಅದನ್ನು ಮೇಸ್ತ್ರಿ ಮಾಮನಿಗೆ ಹೇಳದೇ ಇದ್ದದ್ದರಲ್ಲಿ.

ನಮ್ಮ ವಯಸ್ಸಿನವರು ಇದನ್ನೆಲ್ಲ ಹಳೇ ಕಾಲದ ಜಿಗುಟು ವ್ಯವಹಾರ ಅಂದುಕೊಳ್ಳೋ ಹಾಗಿಲ್ಲ. ನಾನೂ ಟರ್ಮ್ ಇನ್ಶೂರೆನ್ಸ್ ತಗೊಳ್ಳುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಬಾಕ್ಸಿಗೆ ಟಿಕ್ ಹಾಕಿದವನೇ. ಹಾಗೆ ಮಾಡಿದರೆ ಪಾಲಿಸಿಯ ದುಡ್ಡು ಹೆಂಡತಿ ಮಕ್ಕಳ ಟ್ರಸ್ಟ್ ಆಗುತ್ತೆ, ಹೋಮ್ ಲೋನ್ ಕೊಟ್ಟವರೂ ಮುಟ್ಟುವಂತಿಲ್ಲ. ಅದರಲ್ಲಿ ನನಗೆ ಯಾವ ಅಪರಾಧಿ ಭಾವವೂ ಇಲ್ಲ. ಆದರೆ ಅದೇ ಕಾಯ್ದೆಯ ಅದೇ 6ನೇ ಕಲಂನಲ್ಲಿ, ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದ ಮಾಡಿಸಿದ ಪಾಲಿಸಿಯಾದರೆ ಅವರಿಗೆ ಅದರಲ್ಲಿ ಹಕ್ಕಿದೆ ಅಂತಲೂ ಬರೆದಿದೆ. ಏಜೆಂಟರು ಅದನ್ನು ಓದಿ ಹೇಳುವುದಿಲ್ಲ. ಸ್ಟಾರ್ಟಪ್ ಮಾಡುವ ಗೆಳೆಯರು ಪರ್ಸನಲ್ ಗ್ಯಾರಂಟಿಗೆ ಸಹಿ ಹಾಕುವ ಮುಂಚೆ ಫ್ಲಾಟನ್ನು ಹೆಂಡತಿ ಹೆಸರಿಗೆ ಮಾಡಿಬಿಡು ಅಂತ ಒಬ್ಬರಿಗೊಬ್ಬರು ಸಲಹೆ ಕೊಡೋದನ್ನು ಕೇಳಿದ್ದೇನೆ. ಕರ್ನಾಟಕದಲ್ಲಿ ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕವೂ ಅತ್ತ್ಯಲ್ಪ, ಒಂದು ವಾರದ ಕೆಲಸ. ಸಾಲವಿಲ್ಲದಾಗ ಮಾಡಿದರೆ ಅದು ಮುಂಜಾಗ್ರತೆ. ಮುಳುಗುವುದು ಖಚಿತವಾದಮೇಲೆ ಮಾಡಿದರೆ ಬೇರೆಯವರ ಲೈಫ್ ಜಾಕೆಟ್ ಬಿಚ್ಚಿ ನಮ್ಮವರಿಗೆ ತೊಡಿಸಿದ ಹಾಗೆ. ಪತ್ರ ಒಂದೇ, ಒಕ್ಕಣೆ ಒಂದೇ, ತಾರೀಖು ಮಾತ್ರ ಬೇರೆ. ಕಂಪನಿಗಳ ವಿಷಯದಲ್ಲಿ 2016ರ ದಿವಾಳಿ ಸಂಹಿತೆ ಇದನ್ನೇ ಲೆಕ್ಕ ಹಾಕಿ ಇಟ್ಟಿದೆ: ಕಡಿಮೆ ಬೆಲೆಗೆ ಆಸ್ತಿ ಕೈದಾಟಿಸಿದ್ದರೆ, ಪಡೆದವರು ಸಂಬಂಧಪಟ್ಟವರಾದರೆ ಎರಡು ವರ್ಷ ಹಿಂದಕ್ಕೆ ಹೋಗಿ ಕೆದಕಬಹುದು, ಹೊರಗಿನವರಾದರೆ ಒಂದು ವರ್ಷ. ನಮ್ಮವರಿಗೆ ಕೊಟ್ಟಿದ್ದರ ಮೇಲೆ ಅನುಮಾನ ಜಾಸ್ತಿ ಅನ್ನೋದನ್ನು ಗಮನಿಸಿ. ದಾನದ ಕಥೆಗಳಲ್ಲಿ ನಾವು ಕೊಂಡಾಡುವುದು ಕೊಟ್ಟವನ ಕೈಯನ್ನು, ಇಲ್ಲಿ ಕಾನೂನು ಮೊದಲು ನೋಡುವುದು ಆ ಕೈ ಎತ್ತ ಕಡೆ ಚಾಚಿದೆ ಅನ್ನೋದನ್ನು.

ಅಪ್ಪನ ವಿಚಾರಣೆ ಇಷ್ಟಕ್ಕೆ ಸಾಕು. ಅವರಿಲ್ಲ. ಉಳಿದಿರುವ ಪ್ರಶ್ನೆ ನನ್ನದು. 2003ರಲ್ಲಿ ನಾನು ಇಂಜಿನಿಯರಿಂಗ್ ಸೇರಿದಾಗ ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲಿ ಫೀಸು ಕಟ್ಟಿದರು. ಆ ಡಿಗ್ರಿ, ಆ ಕೆಲಸ, ಈಗಿನ ಸಂಬಳ ಎಲ್ಲದರ ಕೆಳಗೂ ಆ ಮನೆಯಿದೆ. ಮೇಸ್ತ್ರಿ ಮಾಮನ ಮಗಳ ಮದುವೆ ಆ ವರ್ಷ ನಡೆಯಲಿಲ್ಲ, ಮುರಿದುಬಿತ್ತು. ಎರಡು ವರ್ಷ ಬಿಟ್ಟು ಬೇರೆ ಕಡೆ ಆಯಿತು ಅಂತ ಅಮ್ಮನಿಗೆ ಗೊತ್ತಿತ್ತು. ನಾವು ಮದುವೆಗೆ ಹೋಗಲಿಲ್ಲ. ಯಾವ ಮುಖ ಇಟ್ಕೊಂಡು ಹೋಗೋದು ಅಂದಳು.

ಕಾನೂನು ನನ್ನನ್ನು ಮೂರು ಬಾಗಿಲಿಂದ ಹೊರಗೆ ಬಿಡುತ್ತೆ. ಪ್ರೋನೋಟಿನ ಅವಧಿ ಮುಗಿದು ಕಾಲು ಶತಮಾನ ಆಗಿದೆ. ದಾನಪತ್ರವನ್ನು ಯಾರೂ ಪ್ರಶ್ನಿಸಿಲ್ಲ. ಮೂರನೆಯದು ಸ್ವಲ್ಪ ವಿಚಿತ್ರ. ಹಳೆಯ ಹಿಂದೂ ಕಾನೂನಿನಲ್ಲಿ, ಜೂಜು ಕುಡಿತದಂಥ ಅನೈತಿಕ ಸಾಲವಲ್ಲದಿದ್ದರೆ ತಂದೆಯ ಸಾಲ ತೀರಿಸುವುದು ಮಗನ ಧಾರ್ಮಿಕ ಹೊಣೆ. ಪಿತ್ರಾರ್ಜಿತದಲ್ಲಿ ಮಗನಿಗಿರುವ ಪಾಲಿನವರೆಗೂ ಸಾಲ ಕೊಟ್ಟವನು ಬರಬಹುದಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟದ್ದು ಅದೇ ತಿದ್ದುಪಡಿ. ಆದರೆ ಆ ತಾರೀಖಿಗಿಂತ ಮುಂಚೆ ಮಾಡಿದ ಸಾಲಕ್ಕೆ ಹಳೆಯ ನಿಯಮವೇ ಅನ್ವಯ ಅಂತಲೂ ಹೇಳಿತು. ಅಪ್ಪನ ಸಾಲ 1997ರದು. ಅಂದರೆ ಧರ್ಮಶಾಸ್ತ್ರದ ಗೆರೆಯ ಆ ಕಡೆಗೇ ನಾನು ಬಿದ್ದಿದ್ದೇನೆ. ಆದರೂ ತಪ್ಪಿಸಿಕೊಂಡೆ, ಯಾಕಂದರೆ ಪಿತ್ರಾರ್ಜಿತ ಅಂತ ಏನೂ ಇಲ್ಲ. ಮನೆ ಅಮ್ಮನದು.

ಗೆಳತಿಗೆ ಕೊನೆಗೆ ಇದು ನಮ್ಮದೇ ಮನೆಯ ಕಥೆ ಅಂತ ಹೇಳಿದೆ. ಮೊದಲೇ ಗೊತ್ತಾಗಿತ್ತಂತೆ. ಅವಧಿ ಮೀರಿದ ಸಾಲವನ್ನು ಕೂಡ ಸಾಲಗಾರ ಬರೆದು ಸಹಿ ಹಾಕಿ ತೀರಿಸ್ತೀನಿ ಅಂದರೆ ಅದಕ್ಕೆ ಮತ್ತೆ ಜೀವ ಬರುತ್ತೆ, 1872ರ ಕಾಂಟ್ರಾಕ್ಟ್ ಕಾಯ್ದೆಯ 25ನೇ ಕಲಂನಲ್ಲಿ ಹಾಗಿದೆ ಅಂದಳು. ಪ್ರತಿಫಲವಿಲ್ಲದ ಕರಾರು ಊರ್ಜಿತವಲ್ಲ ಅನ್ನುವ ನಿಯಮಕ್ಕೆ ಅದೊಂದು ಅಪವಾದ. ನನಗೆ ಅದು ಬಹಳ ಹಿಡಿಸಿತು. ಸಾಲಕ್ಕೆ ವಾಯಿದೆ ಇದೆ, ಋಣಕ್ಕಿಲ್ಲ ಅಂತ ನಮ್ಮ ಅಜ್ಜಿ ಹೇಳಿದ್ದರೆ ಹಳೇ ಕಾಲದವರ ಮಾತು ಅಂದುಬಿಡುತ್ತಿದ್ದೆ, ಬ್ರಿಟಿಷರ ಕಾಯ್ದೆಯಲ್ಲೂ ಅದಕ್ಕೊಂದು ಕಿಂಡಿ ಇಟ್ಟಿದ್ದಾರಲ್ಲ! ಆದರೆ ಆ ಕಿಂಡಿಯಲ್ಲಿ ಹೋಗಬೇಕಿದ್ದವರು ಅಪ್ಪ. ಇಪ್ಪತ್ತು ವರ್ಷಕ್ಕೂ ಹೆಚ್ಚು ಟೈಮಿತ್ತು ಅವರಿಗೆ.

ಮನೆ ಮಾರಿದ ದುಡ್ಡು ಬಂದಮೇಲೆ ಅಮ್ಮ ಮತ್ತು ನಾನು ಲೆಕ್ಕಕ್ಕೆ ಕೂತೆವು. ಕೊಡೋದು ಅಂತ ಆಗಿತ್ತು, ಎಷ್ಟು ಅನ್ನೋದೇ ಜಗಳ. ನಾನು ಎಕ್ಸೆಲ್ ತೆಗೆದು ವರ್ಷಕ್ಕೆ ಆರು ಪರ್ಸೆಂಟ್ ಸರಳ ಬಡ್ಡಿ ಹಾಕಿದೆ. ಕೋರ್ಟಿನ ಡಿಕ್ರಿ ಮೇಲೆ ಮಾಮೂಲಾಗಿ ಹಾಕುವುದು ಅಷ್ಟೇ. ಇಪ್ಪತ್ತೇಳು ವರ್ಷಕ್ಕೆ ಅಸಲು ಬಡ್ಡಿ ಸೇರಿ ₹1,04,800. ಅಮ್ಮ ಲ್ಯಾಪ್‌ಟಾಪನ್ನು ನೋಡಿದಳು, ನನ್ನನ್ನು ನೋಡಿದಳು.

"ಮದುವೆಗೆ ಅಂತ ಇಟ್ಟಿದ್ದ ದುಡ್ಡು ಕಣೋ ಅದು. ಆಗ ಹತ್ತು ಗ್ರಾಂ ಚಿನ್ನ ನಾಲ್ಕು ಸಾವಿರ ಚಿಲ್ಲರೆ. ಎಂಬತ್ತು ಗ್ರಾಂ ಮೇಲೆ ಬರ್ತಿತ್ತು. ಚಿನ್ನದ ಲೆಕ್ಕ ಹಾಕು."

ಚಿನ್ನದ ಲೆಕ್ಕ ಹಾಕಿದರೆ ಮೊತ್ತ ಎಷ್ಟೋ ಪಟ್ಟು ಆಯಿತು. ಅಪ್ಪನನ್ನು ಇಷ್ಟು ದಿನ ಸಮರ್ಥಿಸಿಕೊಂಡು ಬಂದವಳು ಅವಳು, ಬೆಂಗಳೂರಿನ ಇಎಂಐ ನೆನಪಾಗಿ ಹಿಂಜರಿದವನು ನಾನು. ಕೊನೆಗೆ ಅವಳ ಲೆಕ್ಕವೇ ನಿಂತಿತು, ಮನೆ ಅವಳದಲ್ಲವೇ. ಬಣ್ಣದವರ ಬಾಕಿಯೂ ಇತ್ತು ಅಂತ ನೆನಪಿಸಿದೆ. ಅವರು ತೀರಿಕೊಂಡಿದ್ದಾರೆ, ಮಕ್ಕಳು ಊರು ಬಿಟ್ಟಿದ್ದಾರೆ, ಹುಡುಕೋಣ ಅಂದಳು. ಇನ್ನೂ ಹುಡುಕಿಲ್ಲ. ಗೊತ್ತಿದ್ದವರಿಗೆ, ಸೈಕಲ್ ಕಲಿಸಿದವರಿಗೆ ಮೊದಲು ಕೊಟ್ಟು ಉಳಿದವರನ್ನು ಆಮೇಲಕ್ಕೆ ಇಟ್ಟೆವು. 1915ರ ತೀರ್ಪು ನಮಗೂ ಅನುಕೂಲವಾಯಿತು.

ಮೇಸ್ತ್ರಿ ಮಾಮ ಈಗಲೂ ದೊಡ್ಡಬಳ್ಳಾಪುರದಲ್ಲೇ ಇದ್ದಾರೆ, ಬಾಡಿಗೆ ಮನೆ. ಕಿವಿ ಮಂದವಾಗಿದೆ, ಮಗ್ಗದ ಸದ್ದಿನಲ್ಲಿ ನಲವತ್ತು ವರ್ಷ ದುಡಿದವರು. ಅದಕ್ಕೇ ಎಲ್ಲವನ್ನೂ ಜೋರಾಗಿ ಹೇಳಬೇಕಾಯಿತು. ಇಂಥ ಮಾತನ್ನು ಅಕ್ಕಪಕ್ಕದ ಮನೆಗೆಲ್ಲ ಕೇಳೋ ಹಾಗೆ ಕೂಗಿ ಹೇಳುವ ಕಷ್ಟ ಬೇಡ. ದಾನಪತ್ರದ ವಿಷಯ ಹೇಳುವುದೋ ಬೇಡವೋ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಹೇಳಿದೆ. ನಕಲು ತೋರಿಸಿದೆ. ಅವರು ತಮ್ಮ ಸಹಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತರು.

"ಆವತ್ತು ಕಚೇರಿಯಿಂದ ಬರ್ತಾ ನಿಮ್ಮಪ್ಪ ಮಸಾಲೆ ದೋಸೆ ಕೊಡಿಸಿದ್ರು" ಅಂದರು. ಸಿಟ್ಟೋ ಬೇಜಾರೋ ನನಗೆ ತಿಳಿಯಲಿಲ್ಲ. ಮತ್ತೆ ಆ ಕಾಗದವನ್ನು ಅವರು ಮುಟ್ಟಲಿಲ್ಲ.

ಅವರ ಹೆಂಡತಿ ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತು, ಆ ವರ್ಷ ಗಂಡಿನ ಕಡೆಯವರು ಬಂದು ಏನೇನು ಅಂದು ಹೋದರು ಅನ್ನೋದನ್ನು ಒಂದೂ ಬಿಡದೆ ಹೇಳಿದರು. ನಾನು ಕೇಳಿಸಿಕೊಂಡೆ. ಅದಕ್ಕೆ ಚಿನ್ನದ ಲೆಕ್ಕದಲ್ಲಿ ಜಾಗವಿರಲಿಲ್ಲ.

ದುಡ್ಡು ಹಾಕ್ತೀನಿ, ಪಾಸ್‌ಬುಕ್ ಕೊಡಿ ಮಾಮ ಅಂದೆ. ಅವರು ಗೋಡೆಯ ಶೆಲ್ಫಿನತ್ತ ಕೈಚಾಚಿ ಅರ್ಧಕ್ಕೆ ನಿಲ್ಲಿಸಿದರು. ಹೆಂಡತಿಯ ಮುಖ ನೋಡಿದರು. ಆಮೇಲೆ ನನ್ನ ಹತ್ತಿರಕ್ಕೆ ಬಾಗಿ, ಮೆಲ್ಲಗೆ ಅಂದುಕೊಂಡು ಜೋರಾಗಿಯೇ ಹೇಳಿದರು:

"ನನ್ನ ಖಾತೆ ಬೇಡಪ್ಪ. ಬ್ಯಾಂಕಲ್ಲಿ ಒಂದ್ ಸಾಲ ನಿಂತಿದೆ, ಎರಡು ವರ್ಷದಿಂದ ಕಟ್ಟಿಲ್ಲ. ಬಂದ ತಕ್ಷಣ ಮುರ್ಕೊಂಡ್ಬಿಡ್ತಾರೆ. ಮಗಳ ಖಾತೆಗೆ ಹಾಕ್ಬಿಡು. ಅವಳದೇ ದುಡ್ಡಲ್ವಾ ಅದು?"

ನಾನು ಫೋನ್ ತೆಗೆದು ಅವರ ಮಗಳ ಅಕೌಂಟ್ ನಂಬರ್ ಬರೆದುಕೊಂಡೆ.